ಕುಂಡದ ಗಿಡ, ಸಾವಯವ ಗೊಬ್ಬರ ಮತ್ತು ನಾಯಿ

ಹುಟ್ಟಿದೂರನ್ನು ಬಿಟ್ಟು ರಾಜಧಾನಿಗೆ ಬಂದು ನೆಲೆಸಿದ ಕನ್ನಡಿಗನು ತನ್ನೊಡನೆ ಕಟ್ಟಿಕೊಂಡು ಬರಲಾಗದ ಸಂಪತ್ತುಗಳಲ್ಲಿ ಹಿತ್ತಿಲೂ ಒಂದು. ಒಗ್ಗರಣೆಗೆ ಕರಿಬೇವು, ಪಾನಕಕ್ಕೆ ನಿಂಬೆ, ದೇವರ ತಲೆಗೆ ದಾಸವಾಳ ಹಾಗೂ ಸಂಪಿಗೆ, ಮಕ್ಕಳಿಗೆ ದಾಳಿಂಬೆ ಇವೆಲ್ಲ ಊರಿನಲ್ಲಿ ಕೈಗೆಟುಕುವ ದೂರದಲ್ಲಿದ್ದವು. ಮಹಾನಗರದಲ್ಲಿ ಅವನ್ನು ಕುಂಡಗಳಲ್ಲಿ ಬೆಳೆಸಿಕೊಳ್ಳುವುದು ಅನಿವಾರ್ಯವಾಗಿದೆ. ಕುಂಡದಲ್ಲಿರುವ ಮರಕ್ಕೆ ನೆಲದ ಆಳದಿಂದ ಆಹಾರ ಹೀರುವ ಅವಕಾಶವಿಲ್ಲದ ಕಾರಣ, ಬೆಳೆಸುವವರು ಅದಕ್ಕೆ ಕಾಲಕಾಲಕ್ಕೆ ಗೊಬ್ಬರವನ್ನು ಒದಗಿಸಲೇಬೇಕು. ರಾಸಾಯನಿಕ ಗೊಬ್ಬರದ ಬಗೆಗೆ ಹಿಂಜರಿಯುವವರು ಸಾವಯವ ಗೊಬ್ಬರವನ್ನು ಆಶ್ರಯಿಸುವುದು ಸಹಜ. ಆದರೆ ಗೊಬ್ಬರ ಹಾಕಿದ ಮರುದಿನ ಬೆಳಿಗ್ಗೆ ಕುಂಡದ ಮಣ್ಣೆಲ್ಲ ಹೊರಚೆಲ್ಲಿ, ಬೇರು ಬಯಲಾಗಿ, ಗಿಡ ವಾಲಿ ನಿಂತಿರುವ ದೃಶ್ಯ ಅನೇಕ ಮನೆಗಳಿಗೆ ಹೊಸದಲ್ಲ. ಅಪರಾಧಿ ಯಾರೆಂದು ಹುಡುಕಬೇಕಾಗಿಯೂ ಇಲ್ಲ. ಅದು ಮನೆಯ ಮುದ್ದಿನ ನಾಯಿ, ಇಲ್ಲವೇ ಬೀದಿಯ ನಾಯಿ.

ದೆಹಲಿಯ ಕಿದ್ವಾಯಿ ನಗರ ಕೇಂದ್ರ ಸರಕಾರದ ನೌಕರರ ವಸತಿಗಾಗಿ ನಿರ್ಮಾಣಗೊಂಡ ಬಡಾವಣೆ. 1952ರಿಂದ 1954ರಲ್ಲಿ ನಿಧನರಾಗುವವರೆಗೆ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಅದು ಹೊತ್ತಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಅವರ ಹೆಸರಿನದೇ ಆದುದರಿಂದ ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ. ಪೂರ್ವ ಕಿದ್ವಾಯಿ ನಗರದ ಹಳೆಯ ಮನೆಗಳು ತೆರವಾಗಿ, 2010ರ ದಶಕದಲ್ಲಿ ಎನ್.ಬಿ.ಸಿ.ಸಿ. ಸಂಸ್ಥೆಯ ಮೂಲಕ ಅಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಅಂಗಳವಿದ್ದ ಮನೆಯ ಗಿಡಗಳು ಬಾಲ್ಕನಿಯ ಕುಂಡಗಳಿಗೆ ಬಂದದ್ದು ಹೀಗೆಯೇ. ಮೇಲಂತಸ್ತಿನವರಿಗೆ ಸಾಕುನಾಯಿಯ ಚಿಂತೆಯಾದರೆ, ನೆಲದ ಅಂತಸ್ತಿನವರಿಗೂ ಹೊರಬಾಗಿಲ ಬಳಿ ಕುಂಡವಿಟ್ಟವರಿಗೂ ಬೀದಿನಾಯಿಯ ಚಿಂತೆ.

ಈ ಸಮಸ್ಯೆಯನ್ನು ಕೇವಲ ಗಿಡದ ನಷ್ಟವೆಂದು ತಿಳಿಯುವುದು ಸರಿಯಲ್ಲ. ಕೆಲವು ಸಾವಯವ ಗೊಬ್ಬರಗಳು ನಾಯಿಯ ಪ್ರಾಣಕ್ಕೇ ಎರವಾಗಬಲ್ಲವು. ನಾಯಿ ಕೆದಕಿದ ಮಣ್ಣಿನಿಂದ ಮನುಷ್ಯರ, ಅದರಲ್ಲಿಯೂ ಮಕ್ಕಳ, ಆರೋಗ್ಯಕ್ಕೂ ತೊಂದರೆಯುಂಟು. ಊರಿನಲ್ಲಿ ತಿಪ್ಪೆಯ ಗುಂಡಿ ಮನೆಯಿಂದ ದೂರವಿರುತ್ತಿತ್ತು. ಹಿಂಡಿಯು ಹೊಲದ ಮಣ್ಣಿನಲ್ಲಿ ನೇಗಿಲಿನಿಂದ ಬೆರೆಯುತ್ತಿತ್ತು. ನಗರದಲ್ಲಾದರೋ ಅದೇ ಗೊಬ್ಬರ ಹೊಸ್ತಿಲ ಪಕ್ಕದಲ್ಲಿ, ಸರಿಯಾಗಿ ನಾಯಿಯ ಮೂಗಿನ ಎತ್ತರದಲ್ಲಿ, ಮಣ್ಣಿನ ಮೇಲೆಯೇ ಹರಡಿರುತ್ತದೆ. ತೊಂದರೆಯ ಮೂಲವೆಲ್ಲ ಇಲ್ಲಿದೆ. ಪರಿಹಾರವೂ ಇಲ್ಲಿಯೇ ಇದೆ.

ನಾಯಿಗೆ ಗೊಬ್ಬರವೇಕೆ?

ನಾಯಿಯ ಪ್ರಪಂಚ ಕಣ್ಣಿಗಿಂತ ಹೆಚ್ಚಾಗಿ ಮೂಗಿನ ಪ್ರಪಂಚ. ಮನುಷ್ಯನಿಗೆ ಬರಿಯ ದುರ್ವಾಸನೆಯೆನಿಸುವುದು ಅದಕ್ಕೆ ಭೋಜನದ ಆಮಂತ್ರಣವಾಗುತ್ತದೆ. ಮೂಳೆಯ ಪುಡಿ, ರಕ್ತದ ಪುಡಿ, ಮೀನಿನ ಗೊಬ್ಬರ ಇವು ಪ್ರಾಣಿಜನ್ಯವಾದುದರಿಂದ ಮಾಂಸದ ವಾಸನೆಯನ್ನೇ ಹೊರಸೂಸುತ್ತವೆ. ಮಣ್ಣಿನೊಳಗಿನಿಂದ ಮೂಳೆಯ ವಾಸನೆ ಬಂದರೆ ಅಲ್ಲಿ ಮೂಳೆ ಹೂತಿದೆಯೆಂದು ಭಾವಿಸಿ ಬಗೆಯುವುದು ನಾಯಿಯ ಹುಟ್ಟುಗುಣ. ಎಣ್ಣೆ ತೆಗೆದ ಹಿಂಡಿಗಳಲ್ಲಿ ಉಳಿದಿರುವ ಕೊಬ್ಬಿನಂಶವೂ ಸಸಾರಜನಕವೂ ಅದನ್ನು ಸೆಳೆಯುತ್ತವೆ.

ಎರಡನೆಯ ಕಾರಣ ದೆಹಲಿಯ ಹವೆ. ಮೇ, ಜೂನ್ ತಿಂಗಳುಗಳಲ್ಲಿ ಉಷ್ಣಾಂಶವು 45 ಡಿಗ್ರಿಯ ಸಮೀಪಕ್ಕೆ ಏರಿ ಲೂ ಎಂಬ ಬಿಸಿಗಾಳಿ ಬೀಸುವಾಗ, ಈಗತಾನೇ ನೀರುಣಿಸಿದ ದೊಡ್ಡ ಕುಂಡದ ತಂಪು ಮಣ್ಣು ನಾಯಿಗೆ ಹಾಸಿಗೆಯಂತೆ ಕಾಣುತ್ತದೆ. ಮೇಲ್ಪದರವನ್ನು ಕೆದಕಿ, ಒಳಗಿನ ತಂಪಿಗೆ ಹೊಟ್ಟೆಯಾನಿಸಿ ಮಲಗುವ ನಾಯಿಗೆ ಗೊಬ್ಬರದ ಆಸೆಯೇ ಇರಬೇಕೆಂದಿಲ್ಲ. ಮೂರನೆಯದು ಬೇಸರ. ದಿನವಿಡೀ ಬಾಗಿಲು ಹಾಕಿದ ಮನೆಯ ಬಾಲ್ಕನಿಯಲ್ಲಿ ಒಂಟಿಯಾಗಿರುವ ಸಾಕುನಾಯಿ, ಅದರಲ್ಲಿಯೂ ಮರಿ, ಆಟಕ್ಕಾಗಿ ಮಣ್ಣು ಬಗೆಯುತ್ತದೆ. ಯಾವ ಕಾರಣದಿಂದ ನಾಯಿ ಬರುತ್ತಿದೆಯೆಂದು ಗಮನಿಸಿದ ಮೇಲೆಯೇ ಉಪಾಯವನ್ನು ಯೋಚಿಸಬೇಕು.

ಗೊಬ್ಬರಗಳ ಗುಣದೋಷ

ಸಾವಯವ ಗೊಬ್ಬರಗಳೆಲ್ಲವೂ ಒಂದೇ ಬಗೆಯವಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ 0.5 ಮಾತ್ರ. ಅದು ಸೌಮ್ಯವಾದುದು; ಪೂರ್ಣವಾಗಿ ಕಳಿತಿದ್ದರೆ ಮಣ್ಣಿನ ವಾಸನೆಯನ್ನೇ ಬೀರುವುದರಿಂದ ನಾಯಿಯನ್ನು ಅಷ್ಟಾಗಿ ಆಕರ್ಷಿಸದು. ಹಸಿ ಸಗಣಿಯಾದರೆ ಮಾತು ಬೇರೆ. ಎರೆಹುಳು ಗೊಬ್ಬರವೂ ವಾಸನೆಯಿಲ್ಲದ, ನಿರಪಾಯವಾದ ಗೊಬ್ಬರಗಳ ಸಾಲಿಗೆ ಸೇರುತ್ತದೆ.

ಬೇವಿನ ಹಿಂಡಿಯಲ್ಲಿ ಸಾರಜನಕವು ಸುಮಾರು ಶೇಕಡಾ 5ರಷ್ಟೂ, ಹೊಂಗೆ ಹಿಂಡಿಯಲ್ಲಿ ಸುಮಾರು ಶೇಕಡಾ 4ರಷ್ಟೂ ಇರುತ್ತದೆ. ಎರಡೂ ಕಹಿ. ಕರ್ನಾಟಕದ ರೈತನಿಗೆ ತಲೆಮಾರುಗಳಿಂದ ಪರಿಚಿತವಾದ ಈ ಹಿಂಡಿಗಳ ಕಹಿಯೇ ಕುಂಡಕ್ಕೆ ಒಂದು ಕಾವಲು. ನಾಯಿ ಮೂಸಿ ನೋಡಿದರೂ ಬಾಯಿ ತುಂಬ ತಿನ್ನುವುದು ವಿರಳ. ದೆಹಲಿಯ ಮಾಲಿಗಳಿಗೆ ಪ್ರಿಯವಾದುದು ಸಾಸಿವೆ ಹಿಂಡಿ. ಅದನ್ನು ನೀರಿನಲ್ಲಿ ಕೆಲವು ದಿನ ನೆನೆಸಿ ಹುಳಿಸಿ ತಿಳಿಯನ್ನು ಗಿಡಕ್ಕೆ ಹಾಕುವುದು ರೂಢಿ. ಗಿಡಕ್ಕೆ ಅದು ಹಿತಕರವೇ ಸರಿ. ಆದರೆ ಹುಳಿತ ವಾಸನೆ ನಾಯಿಯನ್ನೂ ನೊಣವನ್ನೂ ಒಟ್ಟಿಗೆ ಕರೆತರುತ್ತದೆ.

ಮೂಳೆಯ ಪುಡಿ ರಂಜಕಕ್ಕೆ ಪ್ರಸಿದ್ಧವಾದುದು. ಹೂ, ಹಣ್ಣು ಬಿಡುವ ಗಿಡಗಳಿಗೆ ಅದನ್ನು ಹಾಕುವ ವಾಡಿಕೆಯುಂಟು. ಅದು ವಿಷವಲ್ಲವಾದರೂ, ನಾಯಿ ಹೆಚ್ಚು ಪ್ರಮಾಣದಲ್ಲಿ ತಿಂದರೆ ಹೊಟ್ಟೆಯೊಳಗೆ ಗಾರೆಯಂತೆ ಗಟ್ಟಿಯಾಗಿ ಜೀರ್ಣಮಾರ್ಗವನ್ನು ಕಟ್ಟಿಬಿಡಬಹುದು. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ರಕ್ತದ ಪುಡಿಯಿಂದ ವಾಂತಿ, ಭೇದಿ ಸಂಭವಿಸುತ್ತವೆ. ನಾಯಿಯಿರುವ ಮನೆಯಲ್ಲಿ ಇವೆರಡನ್ನೂ ಬಿಟ್ಟು ಬೇರೆ ಗೊಬ್ಬರವನ್ನು ಆರಿಸಿಕೊಳ್ಳುವುದೇ ವಿವೇಕ.

ಹರಳು ಹಿಂಡಿ: ವಿಶೇಷ ಎಚ್ಚರಿಕೆ

ಹಳೆಯ ಮೈಸೂರಿನವರು ಹರಳು ಎಂದೂ, ಉತ್ತರ ಕರ್ನಾಟಕದವರು ಔಡಲ ಎಂದೂ ಕರೆಯುವ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಸಾರಜನಕ ಶೇಕಡಾ 4ಕ್ಕಿಂತ ಹೆಚ್ಚಾಗಿರುವುದರಿಂದ ಗೊಬ್ಬರವಾಗಿ ಇದು ಉತ್ತಮವೇ. ಆದರೆ ಹರಳು ಬೀಜದಲ್ಲಿ ರೈಸಿನ್ ಎಂಬ ಉಗ್ರವಾದ ವಿಷವಿದೆ. ಅದು ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗದು. ಆದಕಾರಣ ಎಣ್ಣೆ ಹಿಂಡಿದಾಗ ವಿಷವೆಲ್ಲ ಹಿಂಡಿಯಲ್ಲಿಯೇ ಉಳಿಯುತ್ತದೆ. ಹರಳೆಣ್ಣೆಯನ್ನು ಔಷಧಿಯಾಗಿ ಕುಡಿಸುತ್ತಿದ್ದ ಮನೆಗಳಲ್ಲಿಯೂ ಹರಳು ಹಿಂಡಿಯನ್ನು ದನದ ಬಾನಿಗೆ ಹಾಕದೆ ಹೊಲಕ್ಕೇ ಕಳಿಸುತ್ತಿದ್ದುದರ ಮರ್ಮ ಇದು. ಸರಿಯಾದ ಶಾಖಸಂಸ್ಕಾರದಿಂದ ಈ ವಿಷ ನಾಶವಾಗುತ್ತದೆ; ಆದರೆ ಅಂಗಡಿಯಲ್ಲಿ ಕೊಂಡ ಪುಡಿಗೆ ಅಂಥ ಸಂಸ್ಕಾರವಾಗಿದೆಯೋ ಇಲ್ಲವೋ ಎಂಬುದನ್ನು ಗೃಹಸ್ಥನು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ತಿಳಿಯಲಾರನು.

ಬ್ರೆಜಿಲ್, ದಕ್ಷಿಣ ಕೊರಿಯಾ ಮೊದಲಾದ ದೇಶಗಳಲ್ಲಿ ಹರಳು ಹಿಂಡಿ ಬೆರೆತ ಗೊಬ್ಬರವನ್ನು ತಿಂದು ನಾಯಿಗಳು ಸತ್ತ ಪ್ರಕರಣಗಳು ಪಶುವೈದ್ಯ ವಿಜ್ಞಾನದ ಪತ್ರಿಕೆಗಳಲ್ಲಿ ದಾಖಲಾಗಿವೆ. ಹರಳು ಬೆಳೆಯುವುದರಲ್ಲಿ ಭಾರತವೇ ಜಗತ್ತಿಗೆ ಮೊದಲನೆಯದು. ಗುಜರಾತಿನದು ಅದರಲ್ಲಿ ಸಿಂಹಪಾಲು. ಆದುದರಿಂದ ಈ ಹಿಂಡಿ ಇಲ್ಲಿ ದುರ್ಲಭವಾದ ವಸ್ತುವೇನೂ ಅಲ್ಲ.

ಭಾಷೆಯಿಂದಲೂ ಒಂದು ತೊಡಕುಂಟು. ಹಿಂದಿಯಲ್ಲಿ ಎಲ್ಲ ಬಗೆಯ ಹಿಂಡಿಗೂ ಖಲೀ ಎಂಬ ಒಂದೇ ಹೆಸರು. ನೀಮ್ ಖಲೀ ಎಂದರೆ ಬೇವಿನ ಹಿಂಡಿ, ಸರಸೋಂ ಕೀ ಖಲೀ ಎಂದರೆ ಸಾಸಿವೆ ಹಿಂಡಿ, ಅರಂಡಿ ಕೀ ಖಲೀ ಎಂದರೆ ಹರಳು ಹಿಂಡಿ. ಬರಿಯ ಖಲೀ ಎಂದು ಕೇಳಿದವನಿಗೆ ಅಂಗಡಿಯವನು ಕೊಟ್ಟದ್ದು ಯಾವುದು? ಪುಡಿಯಾದ ಮೇಲೆ ಇವು ನೋಡಲು ಹೆಚ್ಚುಕಡಿಮೆ ಒಂದೇ ತೆರನಾದ ಕಂದು ಬಣ್ಣದವು. ಹಲವು ಹಿಂಡಿಗಳನ್ನು ಬೆರೆಸಿ ಮಾರುವ ಪೊಟ್ಟಣಗಳೂ ಉಂಟು. ಪೂರ್ಣ ಹೆಸರನ್ನು ಹೇಳಿ ಕೇಳುವುದು, ಪೊಟ್ಟಣದ ಮೇಲೆ ಬರೆದಿರುವುದನ್ನು ಓದುವುದು, ಮಾಲಿಯು ತಾನೇ ತಂದು ಹಾಕುವುದಾದರೆ ಅವನನ್ನು ವಿಚಾರಿಸುವುದು ಅತ್ಯಗತ್ಯ. ನಾಯಿಯಾಗಲಿ ಚಿಕ್ಕ ಮಕ್ಕಳಾಗಲಿ ಇರುವ ಮನೆಗೆ ಹರಳು ಹಿಂಡಿ ಬೇಡವೇ ಬೇಡ. ನೀರಿನಲ್ಲಿ ನೆನೆಸಿದರೆ ವಿಷ ಹೋಗುವುದೆಂಬ ಭ್ರಮೆಯೂ ಸಲ್ಲದು. ನೆನೆಸಿದ ನೀರಿಗೆ ವಿಷ ಇಳಿದಿರುತ್ತದೆ.

ಅಡುಗೆಮನೆಯಿಂದ ಕುಂಡಕ್ಕೆ

ಕೊಂಡು ತಂದ ಗೊಬ್ಬರದಂತೆಯೇ ಅಡುಗೆಮನೆಯ ಉಳಿಕೆಯನ್ನೂ ಗಮನಿಸಬೇಕು. ಬೆಳಗಿನ ಡಿಕಾಕ್ಷನ್ ಇಳಿಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಕಾಫಿ ಚರಟವನ್ನು ಗಿಡದ ಬುಡಕ್ಕೆ ಸುರಿಯುವ ಪದ್ಧತಿ ಕನ್ನಡಿಗರ ಅನೇಕ ಮನೆಗಳಲ್ಲಿದೆ. ಕಾಫಿಯಲ್ಲಿರುವ ಕೆಫೀನ್ ನಾಯಿಗೆ ವಿಷಕಾರಿ. ಚರಟದಲ್ಲಿಯೂ ಅದು ಸ್ವಲ್ಪ ಉಳಿದಿರುತ್ತದೆ. ಚಹದ ಸೊಪ್ಪಿಗೂ ಈ ಮಾತು ಅನ್ವಯಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನು ನಾಶಮಾಡುವ ಗುಣವುಳ್ಳವು. ದ್ರಾಕ್ಷಿಯು ಮೂತ್ರಪಿಂಡಕ್ಕೆ ಹಾನಿಕರ. ಇವು ಅರ್ಧ ಕೊಳೆತ ಸ್ಥಿತಿಯಲ್ಲಿ ಕುಂಡದ ಮೇಲೆ ಬಿದ್ದಿರಬಾರದು. ಬೂಷ್ಟು ಹಿಡಿದ ಅನ್ನ, ರೊಟ್ಟಿ, ಹಣ್ಣುಗಳಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ನಾಯಿಗೆ ನಡುಕ, ಸೆಳೆತಗಳನ್ನುಂಟುಮಾಡುತ್ತವೆ. ತ್ಯಾಜ್ಯವನ್ನು ಮುಚ್ಚಳವುಳ್ಳ ಡಬ್ಬದಲ್ಲಿ ಪೂರ್ತಿಯಾಗಿ ಕಳಿಸಿ, ಕಪ್ಪು ಮಣ್ಣಿನಂತಾದ ಮೇಲೆ ಮಾತ್ರ ಕುಂಡಕ್ಕೆ ಹಾಕುವುದು ಸೂಕ್ತ.

ತಡೆಯುವ ಕ್ರಮಗಳು

ಆಯ್ಕೆ, ಹೂಳುವಿಕೆ, ಹೊದಿಕೆ, ಎತ್ತರ, ಸಮಯ ಎಂಬ ಐದು ಅಂಶಗಳಲ್ಲಿ ಈ ಕ್ರಮಗಳನ್ನು ಅಡಕಗೊಳಿಸಬಹುದು.

1. ಆಯ್ಕೆ: ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಆಧಾರವಾಗಿರಲಿ. ಹೆಚ್ಚಿನ ಪುಷ್ಟಿಗೆ ಬೇವಿನ ಹಿಂಡಿಯನ್ನು ಸೇರಿಸಬಹುದು. 14 ಅಂಗುಲದ ಕುಂಡಕ್ಕೆ ಸುಮಾರು 50 ಗ್ರಾಂ, ಎಂದರೆ ಒಂದು ಹಿಡಿ, ಸಾಕು.

2. ಹೂಳುವಿಕೆ: ಗೊಬ್ಬರವನ್ನು ಮಣ್ಣಿನ ಮೇಲೆ ಎರಚಿ ಬಿಡಬಾರದು. ಕುಂಡದ ಅಂಚಿನುದ್ದಕ್ಕೂ ಎರಡು ಮೂರು ಅಂಗುಲ ಆಳದ ಕಾಲುವೆ ತೋಡಿ, ಬೇರಿಗೆ ಪೆಟ್ಟಾಗದಂತೆ ಗೊಬ್ಬರವನ್ನು ಅದರೊಳಗೆ ಮಣ್ಣಿನೊಡನೆ ಬೆರೆಸಿ, ಮೇಲೆ ಮಣ್ಣು ಮುಚ್ಚಿ ಅದುಮಿ, ನೀರು ಹಾಕಬೇಕು. ಒಣಪುಡಿಯ ವಾಸನೆ ಹರಡುವುದು ಇದರಿಂದ ಬಹುಮಟ್ಟಿಗೆ ತಗ್ಗುತ್ತದೆ. ಗಿಡಕ್ಕೂ ಗೊಬ್ಬರ ಬೇಗ ದಕ್ಕುತ್ತದೆ.

3. ಹೊದಿಕೆ: ಮುಚ್ಚಿದ ಮಣ್ಣಿನ ಮೇಲೆ ದುಂಡನೆಯ ದೊಡ್ಡ ಕಲ್ಲುಗಳನ್ನು ಒತ್ತಾಗಿ ಜೋಡಿಸಬಹುದು. ಐ.ಎನ್.ಎ. ಮಾರುಕಟ್ಟೆಯಿಂದ ತೆಂಗಿನಕಾಯಿ ತರುವ ಮನೆಗಳಲ್ಲಿ ಕರಟಕ್ಕೆ ಬರವಿರದು. ಕಾಯಿಯೆಲ್ಲ ಹೆರೆದು ಒಣಗಿಸಿದ ಕರಟಗಳನ್ನು ಬೋರಲು ಹಾಕಿ ಮುಚ್ಚಿದರೆ ನಾಯಿಯ ಪಂಜಕ್ಕೆ ಮಣ್ಣು ಸಿಗದು, ಬೇಸಿಗೆಯಲ್ಲಿ ತೇವವೂ ಉಳಿಯುತ್ತದೆ. ಎಲ್ಲಕ್ಕಿಂತ ಭದ್ರವಾದುದು ತಂತಿಯ ಜಾಲರಿ. ಕುಂಡದ ಬಾಯಿಯ ಅಳತೆಗೆ ಜಾಲರಿಯನ್ನು ದುಂಡಗೆ ಕತ್ತರಿಸಿ, ಎರಡು ಹೋಳು ಮಾಡಿ, ಕಾಂಡಕ್ಕೆ ನಡುವೆ ಜಾಗ ಬಿಟ್ಟು ಎರಡೂ ಕಡೆಯಿಂದ ಕೂಡಿಸಿ ಕಟ್ಟಬೇಕು. ಕತ್ತರಿಸಿದ ತಂತಿಯ ತುದಿಗಳನ್ನು ಒಳಕ್ಕೆ ಮಡಿಸುವುದನ್ನು ಮರೆಯಬಾರದು. ನೀರು ಹಾಕಲು ಇದರಿಂದ ಅಡ್ಡಿಯಿಲ್ಲ.

4. ಎತ್ತರ: ಚಿಕ್ಕ ಕುಂಡಗಳನ್ನು ಕಬ್ಬಿಣದ ನಿಲುವಿನ ಮೇಲೆ ಇಡಬಹುದು. ಬಾಲ್ಕನಿಯ ಕಟಕಟೆಯ ಮೇಲೆ ಮಾತ್ರ ಸರ್ವಥಾ ಇಡಬಾರದು. ದೆಹಲಿಯ ಬೇಸಿಗೆಯ ಧೂಳುಗಾಳಿಗೆ ಕುಂಡ ಉರುಳಿದರೆ ಕೆಳಗಿನವರ ಪ್ರಾಣಕ್ಕೆ ಸಂಚಕಾರ. ಮರದ ದೊಡ್ಡ ಕುಂಡಗಳನ್ನು ಎತ್ತಲಾಗದ ಕಾರಣ ಅವಕ್ಕೆ ಜಾಲರಿಯೇ ಗತಿ.

5. ಸಮಯ: ಗಿಡ ಚಿಗುರುವ ಫೆಬ್ರವರಿ, ಮಾರ್ಚ್ ತಿಂಗಳುಗಳು ಮತ್ತು ಮಳೆಗಾಲ ಗೊಬ್ಬರಕ್ಕೆ ಯೋಗ್ಯವಾದವು. ಉರಿಬಿಸಿಲಿನಲ್ಲಿಯೂ ಡಿಸೆಂಬರ್, ಜನವರಿಯ ಚಳಿಯಲ್ಲಿಯೂ ಗೊಬ್ಬರ ಗಿಡಕ್ಕೆ ಸರಿಯಾಗಿ ದಕ್ಕದೆ ಮಣ್ಣಿನಲ್ಲಿಯೇ ಉಳಿದು ನಾಯಿಗೆ ಆಮಿಷವಾಗುತ್ತದೆ. ಗೊಬ್ಬರ ಹಾಕಿದ ನಂತರ ಮೂರು ನಾಲ್ಕು ದಿನ ಸಾಕುನಾಯಿಯನ್ನು ಬಾಲ್ಕನಿಗೆ ಒಂಟಿಯಾಗಿ ಬಿಡಬಾರದು. ಉಳಿದ ಗೊಬ್ಬರವನ್ನು ಮುಚ್ಚಳವಿರುವ ಡಬ್ಬದಲ್ಲಿ ಎತ್ತರದಲ್ಲಿಡಬೇಕು. ಹಿಂಡಿ ನೆನೆಸಿದ ಬಕೀಟಿಗೂ ಭಾರವಾದ ಮುಚ್ಚಳ ಬೇಕು.

ಇವುಗಳ ಜೊತೆಗೆ ನಾಯಿಯ ಅಗತ್ಯವನ್ನೂ ಪೂರೈಸುವುದು ಜಾಣತನ. ಬೇಸಿಗೆಯಲ್ಲಿ ನೆರಳಿನಲ್ಲೊಂದು ಒದ್ದೆ ಗೋಣಿತಾಟು, ಒಂದು ಬಟ್ಟಲು ನೀರು ಇಟ್ಟರೆ ತಂಪನ್ನರಸಿ ಕುಂಡಕ್ಕೆ ಬರುವ ನಾಯಿ ಅತ್ತ ಹೋಗುತ್ತದೆ. ಸಾಕುನಾಯಿಗೆ ಬೆಳಿಗ್ಗೆ ಸಂಜೆ ನಡಿಗೆ, ಆಟ ಸಿಕ್ಕರೆ ಬೇಸರದ ಬಗೆತ ಕಡಿಮೆಯಾಗುತ್ತದೆ.

ಮಾಡಬಾರದ ಕೆಲಸಗಳು

ಬೇಸತ್ತವರು ಕುಂಡದಲ್ಲಿ ನುಸಿಗುಳಿಗೆ ಇಡುವುದು, ಫಿನಾಯಿಲ್ ಸುರಿಯುವುದು, ಮೆಣಸಿನ ಪುಡಿ ಎರಚುವುದು ಉಂಟು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ನಾಯಿಗೂ ಮಕ್ಕಳಿಗೂ ವಿಷ. ಫಿನಾಯಿಲಿನಿಂದ ಗಿಡದ ಬೇರೇ ಸುಡುತ್ತದೆ. ಮೆಣಸಿನ ಪುಡಿ ಕಣ್ಣು, ಮೂಗುಗಳಿಗೆ ಹಿಂಸೆ ಕೊಡುವುದೇ ಹೊರತು ಒಂದು ನೀರಿಗೆ ತೊಳೆದುಹೋಗುತ್ತದೆ. ಕಿತ್ತಳೆ, ನಿಂಬೆಯ ಸಿಪ್ಪೆಯ ವಾಸನೆ ಅನೇಕ ನಾಯಿಗಳಿಗೆ ಸೇರದೆಂಬುದು ನಿಜ. ಆದರೆ ಅದನ್ನೇ ನೆಚ್ಚಿಕೊಳ್ಳಲಾಗದು.

ನಾಯಿಗೆ ವಿಷವಿಕ್ಕುವ ಯೋಚನೆಯಂತೂ ಮನಸ್ಸಿಗೂ ಬರಬಾರದು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅದು ಅಪರಾಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಯನ್ನು ಕೊಲ್ಲುವುದಕ್ಕೂ ವಿಷವಿಕ್ಕುವುದಕ್ಕೂ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಬೀದಿನಾಯಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ಅವುಗಳಿಗೆ ಆಹಾರ ಹಾಕಲು ಪ್ರತ್ಯೇಕ ಸ್ಥಳಗಳನ್ನು ಗೊತ್ತುಪಡಿಸಬೇಕೆಂದು ಸೂಚಿಸಿತು. ಮೆಟ್ಟಿಲ ಬಳಿಯ ಕುಂಡಗಳ ಪಕ್ಕದಲ್ಲಿಯೇ ಅನ್ನ ಚೆಲ್ಲಿ, ಬಳಿಕ ನಾಯಿ ಬಂತೆಂದು ದೂರುವುದರಲ್ಲಿ ಅರ್ಥವಿಲ್ಲ.

ನಾಯಿ ಗೊಬ್ಬರವನ್ನು ತಿಂದರೆ

ಮೊದಲು ಬಾಯಿಯಲ್ಲಿ ಉಳಿದಿರುವುದನ್ನು ತೆಗೆದು, ಗೊಬ್ಬರದ ಪೊಟ್ಟಣದೊಡನೆ ನಾಯಿಯನ್ನು ತಡಮಾಡದೆ ಪಶುವೈದ್ಯರ ಬಳಿಗೆ ಕೊಂಡೊಯ್ಯಬೇಕು. ಯಾವುದನ್ನು, ಎಷ್ಟನ್ನು, ಯಾವಾಗ ತಿಂದಿತೆಂಬ ಮೂರು ವಿವರಗಳು ವೈದ್ಯರಿಗೆ ಬಹಳ ಉಪಯುಕ್ತ. ಹರಳು ಹಿಂಡಿಯ ವಿಷದ ಲಕ್ಷಣಗಳು ಕೂಡಲೇ ತೋರುವುದಿಲ್ಲ. ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕೂ ಮೀರಿ ಕಾಲ ಸಂದ ಮೇಲೆ ವಾಂತಿ, ರಕ್ತಮಿಶ್ರಿತ ಭೇದಿ, ಹೊಟ್ಟೆನೋವು, ನಿತ್ರಾಣ ಕಾಣಿಸಿಕೊಳ್ಳುತ್ತವೆ. ಈ ವಿಷಕ್ಕೆ ಪ್ರತಿವಿಷವಿಲ್ಲ. ನಾಯಿ ಆಡಿಕೊಂಡಿದೆಯೆಂದು ಸುಮ್ಮನಿದ್ದು ಕಳೆಯುವ ಗಂಟೆಗಳೇ ಚಿಕಿತ್ಸೆಗೆ ಅತ್ಯಂತ ಅಮೂಲ್ಯವಾದವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು, ಎಣ್ಣೆ ಕುಡಿಸುವುದು ಮೊದಲಾದ ಮನೆಮದ್ದುಗಳಿಂದ ಅಪಾಯ ಹೆಚ್ಚುವುದೇ ವಿನಾ ತಗ್ಗದು.

ಮನೆಯವರ ಆರೋಗ್ಯ

ನಾಯಿಯ ಮಲದ ಮೂಲಕ ಮಣ್ಣಿಗೆ ಸೇರುವ ದುಂಡುಹುಳುವಿನ ತತ್ತಿಗಳು ಕೆಲವು ವಾರಗಳಲ್ಲಿ ಸೋಂಕುಕಾರಿಯಾಗಿ, ಮಣ್ಣಿನಲ್ಲಿ ಬಹುಕಾಲ ಬದುಕಿರುತ್ತವೆ. ಮಣ್ಣಾಡಿದ ಕೈಯನ್ನು ಬಾಯಿಗಿಟ್ಟುಕೊಳ್ಳುವ ಮಕ್ಕಳಿಗೆ ಇದರಿಂದ ಯಕೃತ್ತು, ಶ್ವಾಸಕೋಶ, ಅಪರೂಪವಾಗಿ ಕಣ್ಣು ಬಾಧೆಗೊಳಗಾಗುತ್ತವೆ. ನಾಯಿ ಹೊಲಸು ಮಾಡಿದ ಕುಂಡದ ಮೇಲ್ಮಣ್ಣನ್ನು ತೆಗೆದುಹಾಕುವುದು, ಸಾಕುನಾಯಿಗೆ ಕಾಲಕಾಲಕ್ಕೆ ಜಂತುನಾಶಕ ಕೊಡಿಸುವುದು, ಕುಂಡ ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಎಲ್ಲರ ಅಭ್ಯಾಸವಾಗಬೇಕು. ಸಗಣಿ ಗೊಬ್ಬರದಲ್ಲಿ ಧನುರ್ವಾಯುವಿನ ರೋಗಾಣುಗಳಿರುವ ಸಂಭವವುಂಟು. ಕೈಯಲ್ಲಿ ಗಾಯವಿರುವವರು ಕೈಚೀಲ ಧರಿಸಿಯೇ ಗೊಬ್ಬರ ಮುಟ್ಟಬೇಕು. ಪುಡಿ ಗೊಬ್ಬರ ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳಿತು.

ಕುಂಡ ಬಗೆಯುತ್ತಿರುವ ಅಪರಿಚಿತ ನಾಯಿಯನ್ನು ಕೈಯಿಂದ ಎಳೆಯಲು ಹೋಗಬಾರದು. ಆಹಾರದ ಮೇಲಿರುವ ನಾಯಿ ಕಚ್ಚುವ ಸಂಭವ ಹೆಚ್ಚು. ಕಚ್ಚಿದರೆ, ಪರಚಿದರೂ ಸಹ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಮೆತ್ತಬಾರದು. ಕಿದ್ವಾಯಿ ನಗರದವರಿಗೆ ಸಫ್ದರ್‌ಜಂಗ್ ಆಸ್ಪತ್ರೆ ಸಮೀಪದಲ್ಲಿಯೇ ಇದೆ. ಅಲ್ಲಿ ರೇಬೀಸ್ ಲಸಿಕೆ ದೊರೆಯುತ್ತದೆ. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ; ಸಕಾಲದಲ್ಲಿ ಲಸಿಕೆ ಪಡೆದವರಿಗೆ ಭಯವಿಲ್ಲ.

ಇಷ್ಟೆಲ್ಲ ಕ್ರಮಗಳಿಗೆ ತಗಲುವ ವೆಚ್ಚವೆಂದರೆ ಒಂದಿಷ್ಟು ಜಾಲರಿ, ನಾಲ್ಕಾರು ಕರಟ, ಗೊಬ್ಬರ ಕೊಳ್ಳುವಾಗ ಕೇಳುವ ಒಂದು ಪ್ರಶ್ನೆ, ಮಣ್ಣು ಮುಚ್ಚುವ ಐದು ನಿಮಿಷದ ಶ್ರಮ. ಜಮೆಯ ಕಡೆಯಲ್ಲಿ ಗಿಡದ ಚಿಗುರು, ಮೂಕಪ್ರಾಣಿಯ ಜೀವ, ಮಕ್ಕಳ ಆರೋಗ್ಯ ಮೂರೂ ನಿಲ್ಲುತ್ತವೆ. ಗೊಬ್ಬರವು ಬೇರಿಗೆ ಸೇರಬೇಕಾದ ವಸ್ತು. ಅದನ್ನು ಬೇರಿನ ಬಳಿಗೇ ತಲುಪಿಸಿ ಮುಚ್ಚಿದರೆ, ಬಗೆಯಲು ನಾಯಿಗೆ ಕಾರಣವೇ ಉಳಿಯದು.